ಮೂರು ಕೂಗು

ಆ ನೂಲಿನ ಗಿರಣಿಯಲ್ಲಿ ಪಾಳಿಗೆ ಆರುನೂರು ಜನ ಕೆಲಸ ಮಾಡುತ್ತಿದ್ದರು. ಆರುನೂರು ಜನರ ಊಟ, ನಿದ್ದೆ, ಕೊನೆಗೆ ಕಾಲು ಚಾಚುವುದು ಕೂಡ ಒಬ್ಬ ಹೆಂಗಸಿನ ಬಲಗೈಯಲ್ಲಿತ್ತು. ಅವಳನ್ನು ಎಲ್ಲರೂ ಕೂಗಮ್ಮ ಎನ್ನುತ್ತಿದ್ದರು. ಅವಳೇನು ಕೂಗಾಡುವವಳಲ್ಲ, ನಿಜ ಹೇಳಬೇಕೆಂದರೆ ಅವಳ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಎದುರಿಗಿದ್ದವರಿಗೇ ಬಾಯಾರುತ್ತಿತ್ತು. ಗಿರಣಿಯ ಸೈರನ್ನಿಗೆ ಅಲ್ಲಿಯವರು ಕೂಗು ಎನ್ನುತ್ತಿದ್ದರು. ಆ ಕೂಗು ಕೂಗಿಸುವವಳು ಇವಳು, ಅಷ್ಟೇ.

ಗೇಟಿಗೆ ಅಂಟಿಕೊಂಡಂತೆ ಅವಳ ಕೋಣೆ. ಒಂದು ಕಿಟಕಿ ರಸ್ತೆಯ ಕಡೆಗೆ, ಇನ್ನೊಂದು ದೊಡ್ಡ ಗಾಜು ನೂಲುವ ಯಂತ್ರಗಳ ಸಾಲಿನ ಕಡೆಗೆ. ಗೋಡೆಯ ಮೇಲೆ ಗಡಿಯಾರ, ಗಡಿಯಾರದ ಕೆಳಗೆ ಕೆಂಪು ಹಿಡಿಕೆ. ಇಪ್ಪತ್ತೆರಡು ವರ್ಷ ಅವಳ ಅಂಗೈ ತಿಕ್ಕಿ ತಿಕ್ಕಿ ಆ ಹಿಡಿಕೆಯ ಬಣ್ಣ ಅರ್ಧ ಹೋಗಿತ್ತು. ಮೇಜಿನ ಮೇಲೆ ಒಂದು ಮೈಕು, ಒಂದು ಫೋನು, ಚೀಟಿ ಚುಚ್ಚುವ ಮೊಳೆ. ಕೂಗು ಆಗದೆ ಯಾರೂ ಯಂತ್ರ ಬಿಟ್ಟು ಕದಲುವಂತಿಲ್ಲ, ಕೂಗು ಆಗದೆ ಗೇಟಿನವನು ಗೇಟು ತೆಗೆಯುವಂತಿಲ್ಲ. ಮ್ಯಾನೇಜರ್ ಬಂದು ತೆಗಿ ಎಂದರೂ ಗೇಟಿನವನು, "ಕೂಗು ಆಗ್ಲಿ ಸ್ವಾಮಿ" ಎಂದು ಹಲ್ಲು ಕಿರಿಯುತ್ತಿದ್ದ.

ದಿನದ ಕೂಗುಗಳೆಲ್ಲ ಒಂದೊಂದೇ. ಗಿರಣಿಯವರು ಯಾರಾದರೂ ಸತ್ತರೆ ಮಾತ್ರ ಮೂರು ಉದ್ದ ಕೂಗು. ಮೂರನೆಯದು ನಿಲ್ಲುವಷ್ಟರಲ್ಲಿ ಯಂತ್ರಗಳೆಲ್ಲ ಬಂದ್. ಹತ್ತಿಯ ಧೂಳಿಗೆಂದು ಹಾಕಿಕೊಂಡ ಟೊಪ್ಪಿ ತೆಗೆದು ಎಲ್ಲರೂ ಎರಡು ನಿಮಿಷ ನಿಂತಲ್ಲೇ ನಿಲ್ಲಬೇಕು. ಇದು ಯಾವ ಕಾನೂನಿನಲ್ಲೂ ಬರೆದದ್ದಲ್ಲ. ಅಲ್ಲಿಯ ಕೆಲಸಗಾರರು ಯಾವ ಕಾಲದಲ್ಲೋ ಜಗಳವಾಡಿ ಗಿಟ್ಟಿಸಿಕೊಂಡದ್ದು, ಮಾಲೀಕನೂ ಅದನ್ನು ಮುಟ್ಟಲು ಹೆದರುತ್ತಿದ್ದ. ಯಾರಿಗೆ ಕೂಗಬೇಕೆಂದು ಸಂಘದ ಅಧ್ಯಕ್ಷ ಚೀಟಿ ಬರೆದು ಸಹಿ ಹಾಕಿ ಕಳಿಸುತ್ತಿದ್ದ, ಕೂಗಮ್ಮ ಹಿಡಿಕೆ ಎಳೆಯುತ್ತಿದ್ದಳು.

ಆ ಎರಡು ನಿಮಿಷದ ಬೆಲೆ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಗೋದಾಮಿನಲ್ಲಿ ಹತ್ತಿಯ ಹೊರೆ ಉರುಳಿ ಅವಳ ಗಂಡ ಅದರ ಕೆಳಗೆ ಸಿಕ್ಕಿಕೊಂಡಾಗ ಅವಳು ಗೇಟಿನ ಹೊರಗೆ ನೆಲದ ಮೇಲೆ ಕುಸಿದು ಕೂತಿದ್ದಳು. ಮೂರು ಕೂಗು ಕೇಳಿತು. ಅಷ್ಟು ದೊಡ್ಡ ಗಿರಣಿ ಗಪ್ಪೆಂದು ನಿಂತಿತು. "ಆವತ್ತು ಎಲ್ಲಾ ನಿಂತೋಯ್ತಲ್ಲ, ಅದಕ್ಕೇ ನಾನು ಎದ್ದು ನಿಂತೆ. ಅದೂ ಓಡ್ತಾನೇ ಇದ್ದಿದ್ರೆ ನಾನು ಹುಚ್ಚಿಯಾಗ್ತಿದ್ದೆ" ಎಂದು ಅವಳು ತಮ್ಮನಿಗೆ ಎಷ್ಟೋ ಸಲ ಹೇಳಿದ್ದಳು. ಆಗ ಹೆಣಕ್ಕೆ ಹೆಗಲು ಕೊಟ್ಟವನು ಇದೇ ಅಧ್ಯಕ್ಷ. ಒಂದು ತಿಂಗಳು ತನ್ನ ಮನೆಯಿಂದ ಊಟ ಕಳಿಸಿದವನು, ಮಾಲೀಕನ ಮೇಜು ಗುದ್ದಿ ಅವಳಿಗೆ ಈ ಕೆಲಸ ಕೊಡಿಸಿದವನು, ಅವನೇ. ಅವನು ಕೆಟ್ಟವನಾಗಿದ್ದರೆ ಈ ಕತೆಯನ್ನು ಎರಡು ಮಾತಲ್ಲಿ ಮುಗಿಸಬಹುದಿತ್ತು. ಅವನು ಒಳ್ಳೆಯವನು. ತನ್ನವರೆಂದರೆ ಪ್ರಾಣ ಬಿಡುವವನು. ದೊಡ್ಡ ಹೊಟ್ಟೆ, ದೊಡ್ಡ ದನಿ, ಕಣ್ಣೀರಂತೂ ಕಣ್ಣಿನ ಅಂಚಲ್ಲೇ ಕಾದಿರುತ್ತಿತ್ತು.

ಈಗ ಹೊಳೆಯ ಆಚೆಯ ಮಾತು. ಸೇತುವೆ ದಾಟಿ ಕಾಲು ಗಂಟೆ ನಡೆದರೆ ಅದೇ ಮಾಲೀಕನ ಇನ್ನೊಂದು ಕಾರ್ಖಾನೆ ಇತ್ತು, ನೂಲಿಗೆ ಬಣ್ಣ ಹಾಕುವುದು. ಅಲ್ಲಿಯವರ ಕೈ ಮೊಣಕೈವರೆಗೆ ನೀಲಿ. ಎಷ್ಟು ತಿಕ್ಕಿದರೂ ಹೋಗದು. ಈಚೆಯವರು ಅವರನ್ನು ಬಣ್ಣದ ಕೈಯವರು ಎನ್ನುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ, "ಬಟ್ಟೆಗೆ ಅಂಟುತ್ತೆ" ಎಂದು ನಿಂತೇ ಹೋಗುತ್ತಿದ್ದರು. ಆಚೆಯವರು ಮೂಗಿಗೆ ಕಟ್ಟಿಕೊಳ್ಳುವ ಮುಸುಕು ಬೇಕೆಂದು ಹದಿನಾರು ದಿನ ಕೆಲಸ ನಿಲ್ಲಿಸಿದಾಗ ಈಚೆಯ ಒಂದು ಯಂತ್ರವೂ ನಿಲ್ಲಲಿಲ್ಲ. ಹೊಳೆಯ ಅಗಲ ನೂರು ಮಾರು ಇದ್ದೀತು. ಏನು ಹೇಳಲಿ, ಸಮುದ್ರವಿದ್ದರೂ ಅದಕ್ಕಿಂತ ಹತ್ತಿರವಿರುತ್ತಿತ್ತು! ಕೂಗಮ್ಮನೂ ಬಸ್ಸಿನಲ್ಲಿ ನಿಂತೇ ಹೋಗುವವಳು. ಸುಳ್ಳು ಯಾಕೆ ಹೇಳಬೇಕು.

ಅವಳ ತಮ್ಮ ಅಲ್ಲಿಗೆ ಹೋಗಿ ಸೇರಿದ್ದು ಅವಳಿಗೆ ಇಷ್ಟವಿರಲಿಲ್ಲ. ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ, ಎತ್ತಿ ಆಡಿಸಿ ಬೆಳೆಸಿದವಳು ಇವಳು. ಮೀಸೆ ಬಂದು ಮೂವತ್ತು ದಾಟಿದರೂ ಇವಳ ಬಾಯಲ್ಲಿ ಅವನು ಮರಿ. ಮರಿ ಒಂದು ಕೆಲಸದಲ್ಲಿ ಆರು ತಿಂಗಳು ನಿಂತವನಲ್ಲ. ಲಾರಿ ಓಡಿಸಿದ, ಬಾಗಿಲು ಕೂರಿಸಿದ. ಮನೆಗೆ ಬಂದರೆ ಪಾತ್ರೆಯಲ್ಲೇ ಕೈ ಹಾಕಿ ನಿಂತು ಉಂಡು, "ಅಕ್ಕಾ, ನೀನು ಕೂಗಿದ್ರೆ ಊರೇ ಏಳುತ್ತೆ, ನೀನು ಕೂಗಿದ್ರೆ ಊರೇ ಉಣ್ಣುತ್ತೆ, ನನಗೊಬ್ಬನಿಗೇ ನಿನ್ನ ಮಾತು ಕೇಳ್ಸಲ್ಲ ನೋಡು" ಎಂದು ನಗಿಸುತ್ತಿದ್ದ. ಈಚೆ ಒಂದು ಜಾಗ ಖಾಲಿಯಾದಾಗ ಅವಳು ಅಧ್ಯಕ್ಷನ ಹತ್ತಿರ ಬಾಯಿಬಿಟ್ಟು ಕೇಳಿದ್ದಳು. ಅದು ಅಧ್ಯಕ್ಷನ ನಾದಿನಿಯ ಮಗನಿಗೆ ಹೋಯಿತು. ಮರಿ ಮುನಿಸಿಕೊಳ್ಳಲಿಲ್ಲ. ಆಚೆ ಯಾರೋ ಒಬ್ಬ ಬೆನ್ನು ನೋವೆಂದು ಮಲಗಿದ್ದ, ಅವನ ಪಾಸು ತೆಗೆದುಕೊಂಡು ಅವನ ಬದಲಿಗೆ ಹೋಗತೊಡಗಿದ. ಆಚೆ ಹಾಗೆ ಬದಲಿಗೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಾಸಿನ ಮೇಲಿನ ಮುಖವನ್ನು ಅಲ್ಲಿ ಯಾರೂ ನೋಡುತ್ತಿರಲಿಲ್ಲ.

ಒಂಬತ್ತನೆಯ ದಿನ ಬಣ್ಣದ ತೊಟ್ಟಿ ತೊಳೆಯಲು ಇಳಿದ ನಾಲ್ವರು ಮೇಲೆ ಬರಲಿಲ್ಲ. ತಳದ ಕೆಸರಿನಲ್ಲಿ ವಿಷದ ಗಾಳಿ ಕಟ್ಟಿಕೊಂಡಿತ್ತು. ಯಾರು ಮೊದಲು ಇಳಿದರು, ಯಾರು ಅವರನ್ನು ಎತ್ತಲು ಇಳಿದರು ಎಂದು ಹೇಳಲು ಯಾರೂ ಉಳಿಯಲಿಲ್ಲ. ಪಾಸುಗಳನ್ನು ನೋಡಿ ಹೇಳೋಣವೆಂದರೆ ಬದಲಿಯವರು ಯಾರು, ಅಸಲಿಯವರು ಯಾರು ಎಂದು ಆಫೀಸಿನವರಿಗೇ ತಿಳಿಯದು. ಕೂಗಮ್ಮ ಆಸ್ಪತ್ರೆಗೆ ಓಡಿದಳು, ತಮ್ಮನನ್ನು ಗುರುತಿಸಿದಳು, ಮನೆಗೆ ತಂದಳು.

ಮಾರನೆಯ ಬೆಳಿಗ್ಗೆ, ಹೆಣ ಎತ್ತುವ ಮೊದಲು, ಅವಳು ಸಂಘದ ಆಫೀಸಿಗೆ ಹೋದಳು. ಅಧ್ಯಕ್ಷ ಎದ್ದು ಬಂದು ಅವಳ ತಲೆ ಸವರಿ ಗೊಳೋ ಎಂದು ಅತ್ತ.

"ಅಣ್ಣಾ, ಒಂದು ಚೀಟಿ ಬರ್ಕೊಡಿ" ಎಂದಳು.

ಅವನ ಅಳು ಅಲ್ಲಿಗೇ ನಿಂತಿತು. "ನಿನ್ನ ದುಃಖ ನನ್ನ ದುಃಖ ಕಣಮ್ಮಾ. ಆದ್ರೆ ಚೀಟಿ ವಿಷಯ ಬೇರೆ. ಆಚೆ ಸತ್ತೋರಿಗೆ ಈಚೆ ಕೂಗಿದ್ದು ಉಂಟಾ? ಇವತ್ತು ನಿನ್ನ ತಮ್ಮನಿಗೆ ಕೂಗಿದ್ರೆ ನಾಳೆ ಆ ನಾಲ್ಕೂ ಜನಕ್ಕೆ ಕೂಗಿ ಅಂತಾರೆ. ನಾಡಿದ್ದು ಎಲ್ಲೋ ಹಡಗು ಮುಳುಗ್ತು, ಅವರಿಗೂ ಕೂಗಿ ಅಂತಾರೆ. ಕಂಡ ಕಂಡೋರಿಗೆಲ್ಲ ಕೂಗ್ತಾ ಕೂತ್ರೆ ನಮ್ಮೋರಿಗೆ ಕೂಗಿದ್ದಕ್ಕೆ ಏನಮ್ಮಾ ಮರ್ಯಾದೆ?"

"ಹೋದ ವರ್ಷ ಗೇಟಿನ ನಾಯಿಗೆ ಕೂಗ್ಸಿದ್ರಲ್ಲ."

"ನಾಯಿ ನಮ್ಮದಲ್ವೇನಮ್ಮಾ!" ಎಂದ ಅಧ್ಯಕ್ಷ.

ತಮಾಷೆಗೆ ಅಂದದ್ದಲ್ಲ. ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂದಿತ್ತು. ಹನ್ನೆರಡು ವರ್ಷ ಗೇಟಿನಲ್ಲಿ ಮಲಗಿದ್ದ ನಾಯಿ, ಎಲ್ಲರ ಬುತ್ತಿಯಿಂದಲೂ ಒಂದು ತುತ್ತು ತಿಂದದ್ದು. ಅದು ಲಾರಿಗೆ ಸಿಕ್ಕಾಗ ಹೆಂಗಸರು ಗಂಡಸರೆನ್ನದೆ ಕಣ್ಣೊರೆಸಿಕೊಂಡಿದ್ದರು, ಮೂರು ಕೂಗು ಎಳೆದ ಕೂಗಮ್ಮನೂ ಒರೆಸಿಕೊಂಡಿದ್ದಳು. ಈಗ ಆ ಮಾತು ಅವಳ ಕಿವಿಯಲ್ಲಿ ಹೋಗಿ ಕೂತಿತು. ತಮ್ಮನ ಹೆಣ ಮುಂದಿನ ರಸ್ತೆಯಲ್ಲಿ ಹೋಗುವಾಗ ಗಿರಣಿ ಗಡಗಡ ಓಡುತ್ತಿತ್ತು, ಒಳಗೆ ಯಾರೋ ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಅವಳ ಜಾಗದಲ್ಲಿ ಆ ದಿನ ಕೂತಿದ್ದ ಗುಮಾಸ್ತ ಹನ್ನೆರಡಕ್ಕೆ ಸರಿಯಾಗಿ ಊಟದ ಕೂಗು ಕೂಗಿಸಿದ.

ಆಮೇಲೆ ಹನ್ನೊಂದು ತಿಂಗಳು ಅವಳು ಹಲ್ಲು ಮಸೆಯುತ್ತ ಕೂತಳು. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ನಗುನಗುತ್ತ ಓಡಾಡುವುದು ಎಲ್ಲರಿಗೂ ಬರುವುದಿಲ್ಲ, ಅವಳಿಗೆ ಬರುತ್ತಿತ್ತು. ಮೊದಲು ಸಣ್ಣ ಸಣ್ಣ ಸೇಡು. ಊಟದ ಕೂಗನ್ನು ನಲವತ್ತು ಸೆಕೆಂಡು ತಡ ಮಾಡುವಳು. ಆರುನೂರು ಹೊಟ್ಟೆ ಚುರುಗುಟ್ಟುವುದನ್ನು ಗಾಜಿನಿಂದ ನೋಡುವಳು. ಬೆಳಿಗ್ಗೆ ಅಧ್ಯಕ್ಷ ರಸ್ತೆಯ ತಿರುವಿನಲ್ಲಿ ಕಂಡನೋ, ಗಡಿಯಾರಕ್ಕಿಂತ ಹದಿನೈದು ಸೆಕೆಂಡು ಮೊದಲೇ ಹಿಡಿಕೆ ಎಳೆಯುವಳು. ಬೆಳಗಿನ ಕೂಗಾದ ಮೇಲೆ ಗೇಟು ಮುಚ್ಚೀತೆಂದು ಅವನು ಹೊಟ್ಟೆ ಹಿಡಿದುಕೊಂಡು ದಬದಬ ಓಡಿಬರುವುದನ್ನು ನೋಡಿ, "ನಿಧಾನ ಅಣ್ಣಾ, ಬಿದ್ದೀರಿ" ಎನ್ನುವಳು. ಇದೆಲ್ಲ ಬರೀ ತುರಿಕೆ ಕೆರೆದುಕೊಂಡಂತೆ, ಉರಿ ಆರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ. ಮರಿಗೆ ಆ ಎರಡು ನಿಮಿಷ ಸಿಗಬೇಕು. ಆಚೆಯವನಿಗೆ ಈಚೆಯವರು ಟೊಪ್ಪಿ ತೆಗೆದು ನಿಲ್ಲಬೇಕು, ನಾಯಿ ನಮ್ಮದೆಂದ ಬಾಯಿ ಅವನಿಗೆ ಅಳಬೇಕು.

ಆ ಹೊತ್ತಿಗೆ ಹಿರಿ ಮೇಸ್ತ್ರಿ ಆಸ್ಪತ್ರೆ ಸೇರಿದ. ಗಿರಣಿಯ ಅರ್ಧ ಜನಕ್ಕೆ ಕಡಿದ ನೂಲು ಗಂಟು ಹಾಕುವುದು ಕಲಿಸಿದವನು ಅವನು, ಎಲ್ಲರಿಗೂ ಅಪ್ಪನಂತೆ. ಮೂರು ವಾರದಿಂದ ಇಂದೋ ನಾಳೆಯೋ ಎನ್ನುವ ಹಾಗಿತ್ತು. ಕೆಲಸದವರು ಅವಳ ಕಿಟಕಿಯ ಮುಂದೆ ಹಾದುಹೋಗುವಾಗ ಹಿಡಿಕೆಯ ಕಡೆ ಒಂದು ಸಲ ನೋಡಿ ನಿಟ್ಟುಸಿರಿಡುತ್ತಿದ್ದರು. ಕೂಗಮ್ಮನಿಗೆ ಆಗ ಹೊಳೆಯಿತು.

ಅವಳು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸುತ್ತಿದ್ದಳು. ಮಂಗಳವಾರ ನರ್ಸು, "ಎದ್ದು ಕೂತಿದಾರಮ್ಮಾ, ಗಂಜಿ ಕುಡಿದ್ರು, ನನಗೇ ಬೈದ್ರು" ಎಂದಳು. ಕೂಗಮ್ಮ ಫೋನು ಇಟ್ಟಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಹತ್ತೂವರೆಗೆ, ಚೀಟಿಯಿಲ್ಲದೆ, ಹಿಡಿಕೆ ಎಳೆದಳು. ಒಂದು. ಎರಡು. ಮೂರು.

ಯಂತ್ರಗಳು ಒಂದರ ಹಿಂದೊಂದು ನಿಂತವು. ಗಾಳಿಯಲ್ಲಿದ್ದ ಹತ್ತಿಯ ಎಳೆಗಳು ಮೆಲ್ಲಗೆ ನೆಲಕ್ಕಿಳಿಯತೊಡಗಿದವು. ಟೊಪ್ಪಿಗಳು ಕೈಗೆ ಬಂದವು. "ಹೋದ್ರಾ ಮೇಸ್ತ್ರಿ" ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹೋದದ್ದು ತುಟಿಗಳಲ್ಲೇ ಕಾಣುತ್ತಿತ್ತು. ಕಂಡಿಕೆಗೆ ನೂಲು ಸುತ್ತುವ ಹೆಂಗಸೊಬ್ಬಳು ಯಂತ್ರಕ್ಕೆ ಹಣೆ ಹಚ್ಚಿ ಬಿಕ್ಕಳಿಸಿದಳು. ಹೊರೆ ಹೊರುವ ದಾಂಡಿಗ ಮಗುವಿನಂತೆ ಮುಖ ಕಿವುಚಿದ. ಅಧ್ಯಕ್ಷನಂತೂ ನಡುಮನೆಯಲ್ಲಿ ಹೆಣ ಇಟ್ಟವನ ಹಾಗೆ ಎದೆಗೆ ಟೊಪ್ಪಿ ಒತ್ತಿಕೊಂಡು, ಭುಜ ಕುಣಿಸಿ ಕುಣಿಸಿ ಅಳುತ್ತಿದ್ದ. ಕೂಗಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ಅಳು, ಅಳು ನನ್ನಪ್ಪಾ, ಇನ್ನೂ ಅಳು, ಹನ್ನೊಂದು ತಿಂಗಳ ಬಾಕಿ ಇದೆ ಎಂದು ಒಳಗೊಳಗೇ ಅಂದುಕೊಂಡಳು. ಅಂಥ ಸುಖ ಅವಳಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ಎರಡು ನಿಮಿಷ ಮುಗಿಯಿತು. ಅವಳು ಮೈಕು ಹತ್ತಿರ ಎಳೆದುಕೊಂಡಳು.

"ಹಿರಿ ಮೇಸ್ತ್ರಿ ಗಟ್ಟಿಯಾಗಿದಾರೆ, ಗಂಜಿ ಕುಡಿದು ಕೂತಿದಾರೆ. ನೀವು ಈಗ ಅತ್ತಿದ್ದು ಆಚೆ ತೊಟ್ಟೀಲಿ ಸತ್ತನಲ್ಲ, ನನ್ನ ತಮ್ಮ, ಅವನಿಗೆ. ಬಣ್ಣದ ಕೈಯೋನಿಗೆ. ಸ್ವಲ್ಪ ತಡ ಆಯ್ತು, ಪರವಾಗಿಲ್ಲ. ಟೊಪ್ಪಿ ಹಾಕ್ಕೊಳಿ."

ಅಬ್ಬಬ್ಬಾ, ಆಮೇಲೆ ಎದ್ದ ಗದ್ದಲ! "ಅಯ್ಯೋ ಪಾಪಿ ಮುಂಡೇದೇ, ನನ್ನೆದೆ ಒಡೆದೇಹೋಗಿತ್ತಲ್ಲೇ!" ಎಂದು ನೂಲು ಸುತ್ತುವವಳು ಚೀರಿದಳು. ದಾಂಡಿಗ, "ಸುಮ್ ಸುಮ್ನೆ ಅಳಿಸಿಬಿಟ್ಳಲ್ರೋ, ಯಾವನೋ ಒಬ್ಬನಿಗೆ!" ಎಂದು ಕಣ್ಣೊರೆಸಿಕೊಂಡ ತೋಳನ್ನೇ ಪ್ಯಾಂಟಿಗೆ ತಿಕ್ಕಿಕೊಂಡ. ಅತ್ತದ್ದು ಅತ್ತಾಗಿತ್ತು, ಈಗ ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹತ್ತು ನಿಮಿಷ ಹೀಗೆ ಹಾರಾಡಿದ ಮೇಲೆ ಒಬ್ಬ ಮುದುಕಿ, "ಹೋಗ್ಲಿ ಬಿಡ್ರಪ್ಪಾ, ಅವಳ ತಮ್ಮ ಅಂದ್ರೆ ನಮ್ಮ ಹುಡುಗನೇ ಅಲ್ವಾ" ಎಂದಳು. ಎಲ್ಲರೂ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡರು. ಯಾವನೋ ಒಬ್ಬನಿಗೆ ಅತ್ತೆವೆನ್ನುವುದಕ್ಕಿಂತ ನಮ್ಮವನಿಗೇ ಅತ್ತೆವೆನ್ನುವುದು ವಾಸಿ ತಾನೇ.

ಅಧ್ಯಕ್ಷ ಬಾಗಿಲು ತಟ್ಟಿದ, ಅವಳು ಚಿಲಕ ತೆಗೆದಳು. ಕಣ್ಣು ಇನ್ನೂ ಕೆಂಪಗಿತ್ತು. ಬೈಯುತ್ತಾನೆಂದು ಅವಳು ಸೆಟೆದು ನಿಂತಿದ್ದಳು. ಅವನು ಬೈಯಲಿಲ್ಲ, ಮೈಕು ತೆಗೆದುಕೊಂಡ.

"ಕೇಳಿ ಎಲ್ರೂ. ನಮ್ಮ ಕೂಗಮ್ಮನ ತಮ್ಮ ಅಂದ್ರೆ ನಮ್ಮ ತಮ್ಮ. ಅವನು ಆಚೆಯೋನಲ್ಲ, ನಮ್ಮೋನೇ. ಆವತ್ತು ನಾನು ತಪ್ಪು ಮಾಡಿದೆ, ಇವತ್ತು ಸರಿಯಾಯ್ತು."

ಚಪ್ಪಾಳೆ ಬಿತ್ತು. ಅವನು ಜೇಬಿನಿಂದ ಚೀಟಿ ತೆಗೆದು, ಯಾರಿಗೆ ಎಂಬಲ್ಲಿ 'ನಮ್ಮ ತಮ್ಮ' ಎಂದು ಬರೆದು ಸಹಿ ಹಾಕಿ, ತಾನೇ ಮೊಳೆಗೆ ಚುಚ್ಚಿದ. "ಈಗ ಸಮಾಧಾನ ಆಯ್ತೇನಮ್ಮಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ತಿಂಗಳು ಕಾದು ಹೊಡೆದ ಏಟನ್ನು ಇವನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡನಲ್ಲಾ! ಆಚೆಯವನಿಗೆ ಅಳಿಸಬೇಕೆಂದು ಹೊರಟರೆ ಇವರು ಅವನನ್ನೇ ಈಚೆಗೆ ಎಳೆದುಕೊಂಡು ಕೂತಿದ್ದಾರೆ.

"ಮಿಕ್ಕ ಮೂವರು?" ಎಂದಳು.

"ಯಾವ ಮೂವರು?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಹೇಳಿದ ಮೇಲೆ ನಕ್ಕ. "ಅವರು ನಿನಗೇನಾಗ್ಬೇಕು? ನಿನ್ನದು ನಿನಗೆ ಸಿಕ್ತಲ್ಲಮ್ಮಾ. ಎಳೀಬೇಡ ಜಾಸ್ತಿ, ಹರಿದೋಗುತ್ತೆ" ಎಂದು ಅವಳ ಭುಜ ತಟ್ಟಿ ಹೋದ.

ಆ ಮೂವರ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದು ಯಾರೂ ತಿಳಿಯಬೇಡಿ. ಅವರು ಅವಳಿಗೆ ಕೈಗೆ ಸಿಕ್ಕ ದೊಣ್ಣೆ. ಯಾರ ತಮ್ಮನೂ ಅಲ್ಲದ, ಯಾವ ದಾರಿಯಿಂದಲೂ ನಮ್ಮವರೆಂದು ಎಳೆದುಕೊಳ್ಳಲಾಗದ ಮೂವರು. ಇವರಿಗೆ ನಿಲ್ಲಿಸಿದರೆ ಮಾತ್ರ ನಿಲ್ಲಿಸಿದ ಹಾಗೆ.

ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಯಬೇಕು. ಮೂರಾಯಿತು, ಕೂಗು ಆಗಲಿಲ್ಲ. ಮೂರರ ಮೇಲೆ ನಾಲ್ಕು ನಿಮಿಷವಾಯಿತು. ಕೈ ಒರೆಸಿಕೊಂಡು ನಿಂತಿದ್ದವರು ಮತ್ತೆ ನೂಲು ಹಿಡಿದರು. ಗೇಟಿನ ಹೊರಗೆ ಮುಂದಿನ ಪಾಳಿಯವರು ಗುಂಪುಗಟ್ಟಿದರು. ಮ್ಯಾನೇಜರ್ ಫೋನು ಮಾಡಿದ, ಅವಳು ಎತ್ತಿ ಪಕ್ಕಕ್ಕಿಟ್ಟಳು. ಮೂರೂ ಎಂಟಕ್ಕೆ ಮೈಕು ಹಿಡಿದಳು.

"ಆಚೆ ಸತ್ತ ಮಿಕ್ಕ ಮೂರು ಜನಕ್ಕೆ ಎರಡು ನಿಮಿಷ ನಿಂತ್ಕೊಳಿ. ಆಮೇಲೆ ಮನೆಗೆ ಹೋಗಿ. ಇಲ್ಲಾಂದ್ರೆ ಇಲ್ಲೇ ಇರಿ, ನನಗೇನು ಅವಸರ ಇಲ್ಲ, ಮನೇಲಿ ಯಾರೂ ಕಾಯ್ತಿಲ್ಲ."

ಎಂತೆಂಥ ಬೈಗುಳ ಬಿದ್ದವೆಂದು ಇಲ್ಲಿ ಬರೆಯಲಾರೆ. ದಾಂಡಿಗ ಬಾಗಿಲಿಗೆ ಹೆಗಲು ಕೊಟ್ಟ, ಮತ್ತೆ ಚಿಲಕ ಹಾಕಿದ್ದ ಬಾಗಿಲು ಜಗ್ಗಲಿಲ್ಲ. ಗೇಟಿನವನಿಗೆ ಗೇಟು ತೆಗಿ ಎಂದರು. ಅವನು, "ಕೂಗು ಆಗ್ಲಿ" ಎಂದ. ಮೂರೂ ಹದಿನೈದಕ್ಕೆ ಅಧ್ಯಕ್ಷ ಗಾಜಿನ ಆಚೆ ಬಂದು ನಿಂತ. ಬಾಯಿಯ ಹತ್ತಿರ ಕೈ ಕೂಡಿಸಿ ಕೂಗಿದ.

"ಇದೆಲ್ಲ ಆ ಮೂವರಿಗೋಸ್ಕರ ಮಾಡ್ತಿದೀಯಾ? ಸತ್ಯ ಹೇಳು!"

"ಇಲ್ಲ. ನಿಮ್ಮ ಮೇಲಿನ ಸಿಟ್ಟಿಗೆ" ಎಂದಳು ಮೈಕಿನಲ್ಲಿ.

"ಹಾಗಂತ ಹೇಳು ಮತ್ತೆ!" ಎಂದು ಅವನು ಟೊಪ್ಪಿ ಕಿತ್ತು ನೆಲಕ್ಕೆ ಬಡಿದು ನಿಂತ. ಅವನು ನಿಂತದ್ದು ನೋಡಿ ಉಳಿದವರೂ ನಿಂತರು. ಅವಳು ಮೂರು ಸಲ ಹಿಡಿಕೆ ಎಳೆದಳು. ಒಂದು ಕಣ್ಣೂ ಒದ್ದೆಯಾಗಲಿಲ್ಲ. ಆರುನೂರು ಜನ ದವಡೆ ಕಚ್ಚಿಕೊಂಡು, ಗಡಿಯಾರ ನೋಡುತ್ತ, ಅವಳನ್ನು ಶಪಿಸುತ್ತ ಎರಡು ನಿಮಿಷ ನಿಂತರು. ಒಬ್ಬ ಜೋರಾಗಿ ಸೆಕೆಂಡು ಎಣಿಸುತ್ತಿದ್ದ. ಆದರೇನು, ನಿಂತರಲ್ಲ! ಅವಳ ಹೊಟ್ಟೆ ತಣ್ಣಗಾಯಿತು. ಆ ದಿನ ಅವಳು ಎರಡು ಹೊತ್ತಿನ ಊಟ ಒಂದೇ ಸಲ ಉಂಡಳು.

ಮಾರನೆಯ ಬೆಳಿಗ್ಗೆ ಅವಳ ಮೇಜಿನ ಮೇಲೆ ಮ್ಯಾನೇಜರ್ ಸಹಿಯ ಕಾಗದವಿತ್ತು, ಒಂಬತ್ತಕ್ಕೆ ಬಂದು ಕಾಣಬೇಕೆಂದು. ಕೆಲಸ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹೋದರೆ ಹೋಗಲಿ, ಸೇಡು ತೀರಿತ್ತು. ಬೆಳಗಿನ ಕೂಗು ಮುಗಿಸಿ ಮೇಜು ಒರೆಸುತ್ತಿದ್ದಾಗ ರಸ್ತೆಯ ಕಡೆಯ ಕಿಟಕಿಯನ್ನು ಯಾರೋ ತಟ್ಟಿದರು.

ಮೂವತ್ತರ ಆಸುಪಾಸಿನ ಹೆಂಗಸು. ಮೊಣಕೈವರೆಗೆ ಕೈ ನೀಲಿ. ಆಚೆಯವಳು.

"ನಿನ್ನೆ ಮೂರು ಗಂಟೆ ಮೇಲೆ ಕೂಗ್ಸಿದ್ದು ನೀವೇನಾ?"

"ಹೌದಮ್ಮಾ" ಎಂದಳು ಕೂಗಮ್ಮ. ಕಿಟಕಿಯನ್ನು ಪೂರ್ತಿ ತೆರೆದಳು.

"ಹೊಳೆ ಆಚೆಗೂ ಕೇಳಿಸ್ತು. ಸಂಜೆ ಸೇತುವೆ ಮೇಲೆ ಎಲ್ಲಾ ಅದೇ ಮಾತು. ಆ ಮೂವರಲ್ಲಿ ಒಬ್ರು ನಮ್ಮೋರು. ನನ್ನ ಗಂಡ. ಈಗ ಅವರ ಜಾಗದಲ್ಲಿ ನಾನು ಹೋಗ್ತೀನಿ ಕೆಲಸಕ್ಕೆ."

ಕೂಗಮ್ಮ ಕಿಟಕಿಯ ಕಡೆ ಬಾಗಿದಳು. ಹೊಗಳಿಕೆ ಬರುತ್ತದೆಂದು ಮುಂಚೆಯೇ ಕೈ ಅಡ್ಡ ಹಿಡಿದಳು. "ಇರ್ಲಿ ಬಿಡಮ್ಮಾ. ನಾನೇನು ದೊಡ್ಡ ಕೆಲಸ ಮಾಡಿಲ್ಲ. ಒಳಗೆ ಬಾ, ಟೀ ಕುಡಿ."

ಅವಳು ಕದಲಲಿಲ್ಲ. "ನಿಮ್ಮನ್ನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ತಮ್ಮನ್ನ ಹುಡುಕ್ಕೊಂಡು ಆಸ್ಪತ್ರೆಗೆ ಬಂದಿದ್ದೋಳು ಅಂದ್ರು, ಆಗ ಅನುಮಾನ ಬಂತು. ನೀವೇ. ಆವತ್ತು ನಾಲ್ಕು ಜನಾನೂ ಸಾಲಾಗಿ ಮಲಗಿಸಿದ್ರಲ್ಲ, ನಾನು ಎರಡನೆಯವರ ಕಾಲ ಹತ್ರ ನೆಲದ ಮೇಲೆ ಕೂತಿದ್ದೆ. ನೀವು ಓಡ್ಕೊಂಡು ಬಂದ್ರಿ. ಮೊದಲನೆಯೋನ ಬಟ್ಟೆ ಎತ್ತಿ ನೋಡಿದ್ರಿ. ಆಮೇಲೆ ನಮ್ಮೋರದು ಎತ್ತಿದ್ರಿ. ಮುಖ ನೋಡಿ, 'ಸದ್ಯ, ನಮ್ಮೋನಲ್ಲ' ಅಂದ್ರಿ. ನಗುನೂ ಬಂತು ನಿಮಗೆ. ಬಟ್ಟೆ ಹಂಗೇ ಬಿಟ್ಟು ಮುಂದಿನದಕ್ಕೆ ಹೋದ್ರಿ. ನಾನೇ ಎದ್ದು ಮುಖ ಮುಚ್ಚಿದೆ."

ಕೂಗಮ್ಮ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಆ ದಿನದ್ದು ಅವಳಿಗೆ ನಾಲ್ಕನೆಯ ಮುಖವೊಂದೇ ನೆನಪಿತ್ತು. ಅದರ ಮೊದಲು ಮೂರು ಸಲ ಬಟ್ಟೆ ಎತ್ತಿದ್ದಳು, ಎತ್ತಿರಲೇಬೇಕು, ಆದರೆ ಅದು ನೆನಪಿಟ್ಟುಕೊಳ್ಳುವ ಸಂಗತಿಯೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

"ನನ್ನ ತಮ್ಮ ಅಲ್ಲಿ ಇರಬಾರದು ಅಂತ ಬೇಡ್ಕೋತಾ ಇದ್ದೆನಮ್ಮಾ" ಎಂದಳು. "ಆ ಹೊತ್ತಲ್ಲಿ ಯಾರಿಗಾದ್ರೂ ಹಾಗ್ ಅನ್ಸುತ್ತೆ."

"ಅನ್ಸುತ್ತೆ. ಮೊದಲನೆಯೋನ ಮುಖ ನೋಡಿದಾಗ ನನಗೂ ಅನ್ನಿಸ್ತು, ಸದ್ಯ, ನಮ್ಮೋರಲ್ಲ ಅಂತ. ಆದ್ರೆ ನಾನು ಬಾಯಿಬಿಟ್ಟು ಅನ್ನಲಿಲ್ಲ. ಪಕ್ಕದಲ್ಲಿ ಅವನ ಅಮ್ಮ ಕೂತಿದ್ರು."

ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು ಹೋಯಿತು. ಕೂಗಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

"ನಿಮ್ಮ ಗಿರಣಿಯೋರ ಮೇಲೆ ನನಗೆ ಸಿಟ್ಟಿಲ್ಲ" ಎಂದಳು ಆ ಹೆಂಗಸು. "ಅವರು ನಿಲ್ಲಿಸ್ಲಿಲ್ಲ, ಸರಿ. ಅವರು ನೋಡಿಲ್ಲ. ನೀವು ಇಷ್ಟು ಹತ್ರದಿಂದ ನೋಡಿದ್ರಿ. ನಿನ್ನೆ ಕೂಗಿದ್ದು ನನಗೆ ಬೇಡ, ವಾಪಸ್ ಇಟ್ಕೊಳಿ. ಒಂದೇ ಒಂದು ಹೇಳಿ. ನಮ್ಮೋರ ಮುಖ ಹೇಗಿತ್ತು?"

ಕೂಗಮ್ಮ ತಡಕಾಡಿದಳು. ಮೀಸೆ ಇತ್ತೋ ಇಲ್ಲವೋ, ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಕಪ್ಪೋ ಕೆಂಪೋ, ಏನೆಂದರೆ ಏನೂ ಸಿಗಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದಳು. ಆ ಕಣ್ಣುಗಳ ಮುಂದೆ ಸುಳ್ಳು ಏಳಲಿಲ್ಲ.

"ನೆನಪಿಲ್ಲಮ್ಮಾ" ಎಂದಳು.

"ನಿಮ್ಮ ಮುಖ ನನಗೆ ಚೆನ್ನಾಗಿ ನೆನಪಿದೆ. ಹನ್ನೊಂದು ತಿಂಗಳಿಂದ ದಿನಾ ನೋಡ್ತಿದೀನಿ" ಎಂದು ಹೇಳಿ ಅವಳು ಕೆಲಸಕ್ಕೆ ಹೊತ್ತಾಯಿತೆಂದು ಸೇತುವೆಯ ಕಡೆ ನಡೆದಳು.